ತಾಕೆಯ ತೂಕದಲ್ಲಿ ಒಂದು ಕಡಿಮೆ

ಒಕಾಜಾಕಿ
12 ಸೆಪ್ಟೆಂಬರ್ 2024

ಪ್ರಶಾಂತ,

ಈ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ಕೆಳಗೆ ಆರು ಟ್ಯೂಬ್ ಇವೆ. ಎಣಿಸಿ ನೋಡು. ಬೆಂಗಳೂರಿನಲ್ಲಿ ಇಂದಿರಾ ಮೇಡಂ ಲ್ಯಾಬಿನಲ್ಲಿದ್ದಾಗ ನಾಲ್ಕು ಟ್ಯೂಬ್ ಎಣಿಸಿದರೆ ನಿನಗೆ ಒಮ್ಮೆ ಮೂರು, ಒಮ್ಮೆ ಐದು ಬರುತ್ತಿದ್ದವು. ಜಪಾನಿಗೆ ಬಂದು ಮೂರು ವರ್ಷವಾಯಿತಲ್ಲ, ಸುಧಾರಿಸಿರಬಹುದು. ಪೆಟ್ಟಿಗೆಯ ಜತೆ ಕೈಬರಹದ ಒಂದು ಒಕ್ಕಣೆ ಇಲ್ಲದೆ ಏನನ್ನೂ ಕಳಿಸಬಾರದೆಂದು ನಮ್ಮ ಸೆಕ್ರೆಟರಿ ಮೊರಿತಾ ಸಾನ್ ಹಟ. ಬರಿಗೈಯಲ್ಲಿ ನೆಂಟರ ಮನೆಗೆ ಹೋದ ಹಾಗಾಗುತ್ತದಂತೆ. ಅದಕ್ಕೇ ಈ ಪತ್ರ, ನಿನ್ನ ಮೇಲಿನ ಅಕ್ಕರೆಗಲ್ಲ.

ವಾಕೋದಲ್ಲಿ ನಿಮ್ಮ ದೊಡ್ಡ ಮ್ಯಾಗ್ನೆಟ್ ಮಷೀನಿನಲ್ಲಿ ನನ್ನ ರಿಸಲ್ಟ್ ಒಮ್ಮೆ ಬೇರೆಯವರ ಕೈಯಿಂದ ಖಾತ್ರಿಯಾಗಲಿ ಎಂದು ನಮ್ಮ ಪ್ರೊಫೆಸರ್ ಹಸೆಗಾವಾ ಸೆನ್ಸೇ ಹೇಳಿದರು. ಯಾರ ಕೈ ಎಂದು ಕೇಳಿದರೆ ನಿನ್ನ ಹೆಸರು ತೆಗೆದರು. ಇಬ್ಬರೂ ಒಂದೇ ಊರಿನವರು, ಹೊಂದಾಣಿಕೆ ಸುಲಭ ಎಂದು ಅವರ ಎಣಿಕೆ. ಈ ಮನುಷ್ಯ ಐದು ವರ್ಷದಿಂದ ನನ್ನ ಗ್ರಾಫು ನೋಡಿ "ನರುಹೋದೊ", ಅಂದರೆ "ಓಹೋ, ಹಾಗೋ" ಎನ್ನುವುದು ಬಿಟ್ಟು ಬೇರೇನೂ ಹೇಳಿಲ್ಲ. ನಿನ್ನನ್ನು ಆರಿಸಿದ್ದೂ ಅಷ್ಟೇ ಯೋಚನೆ ಮಾಡಿ.

ಕೆಲಸ ಸರಳ. ನರಕೋಶಗಳ ಸಂದಿಯಲ್ಲಿರುವ ಒಂದು ಪ್ರೋಟೀನಿನ ಡೊಮೈನು ನನ್ನದು. ಡೊಮೈನು ಎಂದರೆ ಆ ಉದ್ದ ಪ್ರೋಟೀನಿನಲ್ಲಿ ತಾನೇ ಮಡಚಿ ಮುದ್ದೆಯಾಗಿ ನಿಂತ ಒಂದು ತುಂಡು ಎಂಬುದನ್ನು ನೀನು ಮರೆತಿಲ್ಲವೆಂದು ನಂಬುತ್ತೇನೆ. ಅದರ ಮೈಯಲ್ಲಿ ಒಂದು ಸೀಳು ಇದೆ. ಸಂದೇಶ ಸಾಗಿಸುವ ಬೇರೆ ಪ್ರೋಟೀನುಗಳು ತಮ್ಮ ಬಾಲದ ಕೊನೆಯ ನಾಲ್ಕು ಅಮೈನೋ ಆಮ್ಲದ ಕಣವನ್ನು ಆ ಸೀಳಿನೊಳಗೆ ತೂರಿಸಿ ಕೂರುತ್ತವೆ. ಕೋಶದೊಳಗೆ ಇಂಥ ಬಾಲಗಳು ಸಾವಿರ ಅಲೆಯುತ್ತವೆ. ಕಂಡ ಬಾಲವನ್ನೆಲ್ಲ ಒಳಗೆ ಬಿಟ್ಟುಕೊಂಡರೆ ಸಂದೇಶ ಯಾರದೋ ಬಾಗಿಲಿಗೆ ಹೋಗುತ್ತದೆ. ನಾವು ಎರಡು ಬಾಲಗಳನ್ನು ಇಟ್ಟುಕೊಂಡಿದ್ದೇವೆ. ಇಲ್ಲಿಯ ಹೋಟೆಲಿನ ಮೆನುವಿನಲ್ಲಿ ದುಬಾರಿ ಊಟಕ್ಕೆ ಮಾತ್ಸು, ಅದರ ಕೆಳಗಿನದಕ್ಕೆ ತಾಕೆ ಎನ್ನುತ್ತಾರಲ್ಲ, ಅದೇ ಹೆಸರು. ನನ್ನ ಡೊಮೈನು ಮಾತ್ಸುವನ್ನು ಹಿಡಿಯುತ್ತದೆ. ತಾಕೆಯನ್ನು ಮೂಸಿಯೂ ನೋಡುವುದಿಲ್ಲ. ಅದೇ ನನ್ನ ಐದು ವರ್ಷ.

ಫೆಬ್ರವರಿ ಹದಿನೆಂಟಕ್ಕೆ ಕಮಿಟಿ ಕೂರುತ್ತದೆ. ನನ್ನನ್ನು ಇಲ್ಲಿ ಖಾಯಂ ಮಾಡುತ್ತಾರೋ, ಮಾರ್ಚ್ ಮೂವತ್ತೊಂದಕ್ಕೆ ಮನೆಗೆ ಕಳಿಸುತ್ತಾರೋ ಅಂದು ಗೊತ್ತಾಗುತ್ತದೆ. ಅದರೊಳಗೆ ಪೇಪರ್ ಹೋಗಿರಬೇಕು, ಅದರಲ್ಲಿ ವಾಕೋದ ಖಾತ್ರಿ ಇರಬೇಕು. ಹೊಸ ಆಲೋಚನೆ ಏನೂ ಮಾಡಬೇಡ. ಹೇಳಿದಷ್ಟು ಮಾಡು.

ಕಾತ್ಯಾಯಿನಿ


ವಾಕೋ
3 ಅಕ್ಟೋಬರ್ 2024

ಅಕ್ಕಾ,

ಪೆಟ್ಟಿಗೆ ತಲುಪಿತು. ಆರು ಟ್ಯೂಬ್ ಇದ್ದವು, ಎರಡು ಸಲ ಎಣಿಸಿದೆ. ಇಷ್ಟು ವರ್ಷದ ಮೇಲೆ ನಿಮ್ಮ ಕೈಬರಹ ನೋಡಿ ಖುಷಿಯಾಯಿತು. ಎಡೋಗಾವಾದಿಂದ ಇಲ್ಲಿಗೆ ದಿನಾ ಒಂದೂಕಾಲು ಗಂಟೆ ಟ್ರೇನು, ಪತ್ರವನ್ನು ಅದರಲ್ಲಿ ನಿಂತೇ ಓದಿದೆ. ಅಪರ್ಣಾ ನಿಮಗೆ ನಮಸ್ಕಾರ ತಿಳಿಸಿದ್ದಾಳೆ. ನಿಧಿ ಬರುವ ಏಪ್ರಿಲಿನಲ್ಲಿ ಒಂದನೇ ಕ್ಲಾಸು.

ಮಾತ್ಸು ಚೆನ್ನಾಗಿ ಬಂದಿದೆ. ನೀವು ಹೇಳಿದ ಹಾಗೆಯೇ ಸೀಳಿನಲ್ಲಿ ಕೂರುತ್ತದೆ, ಅಂಕಿಗಳೂ ನಿಮ್ಮ ಅಂಕಿಗೆ ಹತ್ತಿರ.

ತಾಕೆ ನಿಮ್ಮ ಪೆಟ್ಟಿಗೆಯಲ್ಲಿ ಇರಲಿಲ್ಲ. ಹಾಗಾಗಿ ಅದನ್ನು ನಾನೇ ಇಲ್ಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ತೆಗೆದೆ. ಹೇಳಲು ಸಂಕೋಚವಾಗುತ್ತದೆ. ಅದೂ ಹಿಡಿಯುತ್ತಿದೆ ಅಕ್ಕಾ. ಮೂರು ಸಲ ಮಾಡಿದೆ. ಮಾತ್ಸುವಿಗಿಂತ ಸ್ವಲ್ಪ ಗಟ್ಟಿಯಾಗಿಯೇ ಹಿಡಿಯುತ್ತಿದೆ. ನನ್ನದೇ ಏನೋ ತಪ್ಪಿರಬಹುದು. ಆದರೂ ನಿಮ್ಮ ಗಮನಕ್ಕೆ ತರುವುದು ಒಳ್ಳೆಯದು ಅನ್ನಿಸಿತು.

ನಿಮ್ಮ
ಪ್ರಶಾಂತ


ಒಕಾಜಾಕಿ
9 ಅಕ್ಟೋಬರ್ 2024

ಪ್ರಶಾಂತ,

ಅಕ್ಕಾ ಎನ್ನಬೇಡ. ನಿನ್ನಂಥ ತಮ್ಮನನ್ನು ನಮ್ಮಮ್ಮ ಹೆರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀನು ನೆಲ ಡೊಂಕು ಎನ್ನುವ ಬದಲು ಕುಣಿತವೇ ಡೊಂಕು ಎನ್ನುತ್ತಿದ್ದೀ. ನಾನು ಐದು ವರ್ಷದಲ್ಲಿ ನಲವತ್ತು ಸಲ ಅಳೆದಿದ್ದೇನೆ. ನೀನು ಮೂರು ಸಲ ಅಳೆದು "ಗಮನಕ್ಕೆ" ತರುತ್ತೀಯಾ? ಬ್ಯಾಕ್ಟೀರಿಯಾದಲ್ಲಿ ಬೆಳೆಸಿದೆಯಂತೆ. ನೀನು ಬೆಳೆಸಿದ್ದರಲ್ಲಿ ತಾಕೆ ಎಷ್ಟಿತ್ತೋ, ಕಸ ಎಷ್ಟಿತ್ತೋ. ಜಿಡ್ಡು ಕೈಯಲ್ಲಿ ಮುಟ್ಟಿದರೆ ಎಲ್ಲಕ್ಕೆ ಎಲ್ಲವೂ ಅಂಟುತ್ತದೆ. ಬೆಂಗಳೂರಿನ ಕ್ಯಾಂಟೀನಿನಲ್ಲಿ ನಿನಗೆ "ಅಂದಾಜು ಪ್ರಶಾಂತ" ಎಂದು ಹೆಸರಿಟ್ಟವಳು ನಾನೇ. ಅದನ್ನು ಹಿಂತೆಗೆದುಕೊಳ್ಳಲು ನೀನು ಒಂದು ಕಾರಣವನ್ನೂ ಕೊಡುತ್ತಿಲ್ಲ.

ಒಂದನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ ಹೇಳುತ್ತೇನೆ, ಬೇಕಾದರೆ ನಿನ್ನ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೋ. ಮಾತ್ಸುವಿಗೂ ತಾಕೆಗೂ ಬಾಲದಲ್ಲಿ ಒಂದೇ ಒಂದು ಕಣದ ವ್ಯತ್ಯಾಸ. ಮಾತ್ಸುವಿನ ಆ ಕಣ ಚಿಕ್ಕದು, ಸೀಳಿನೊಳಗೆ ಜಾರುತ್ತದೆ. ತಾಕೆಯದು ದಪ್ಪ, ಅಂಚಿಗೆ ತಗಲುತ್ತದೆ. ಡೊಮೈನು ಆ ಒಂದು ಕಣ ನೋಡಿ ಒಳಗೆ ಬಿಡುತ್ತದೆ, ಇಲ್ಲವೇ ಬಾಗಿಲು ಹಾಕುತ್ತದೆ. ಈ ಮಾತನ್ನು ನಾನು ಮೂರು ಕಾನ್ಫರೆನ್ಸಿನಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಅಲ್ಲಿ ಕೂತವರೆಲ್ಲ ದಡ್ಡರು, ವಾಕೋದಲ್ಲಿ ಟ್ರೇನು ಇಳಿದ ನೀನೊಬ್ಬ ಜಾಣ!

ಕಂಪನಿಯಲ್ಲಿ ಮಾಡಿಸಿದ ನನ್ನ ತಾಕೆಯನ್ನು ಈ ಪೆಟ್ಟಿಗೆಯಲ್ಲಿ ಕಳಿಸಿದ್ದೇನೆ. ಶುದ್ಧ ಮಾಲು. ಇದನ್ನು ಹಾಕಿ ಅಳೆ. ಏನೂ ಹಿಡಿಯುವುದಿಲ್ಲ. ಹಿಡಿಯಲಿಲ್ಲ ಎಂದು ಎರಡು ಸಾಲು ಬರೆ, ಸಾಕು. ನಿನ್ನ ಸಂಕೋಚ, ನಿನ್ನ ಹೆಂಡತಿಯ ನಮಸ್ಕಾರ ಎರಡೂ ನನ್ನ ಪೇಪರಿಗೆ ಬೇಡ.

ಕಾತ್ಯಾಯಿನಿ


ವಾಕೋ
7 ನವೆಂಬರ್ 2024

ಮೇಡಂ,

ತಡವಾಯಿತು, ಕ್ಷಮಿಸಿ. ಮಷೀನಿಗೆ ಇಲ್ಲಿ ಸರದಿ ಕಾಯಬೇಕು.

ನೀವು ಹೇಳಿದ್ದು ನಿಜ. ನಿಮ್ಮ ತಾಕೆಯನ್ನು ಡೊಮೈನು ಸ್ವಲ್ಪವೂ ಹಿಡಿಯಲಿಲ್ಲ. ನಾಲ್ಕು ಸಲ ನೋಡಿದೆ. ನನ್ನ ತಾಕೆಯನ್ನು ಮತ್ತೆ ಹಾಕಿದೆ, ಹಿಡಿಯಿತು. ಒಂದೇ ಡೊಮೈನು, ಒಂದೇ ದಿನ, ಒಂದೇ ಮಷೀನು.

ಎರಡೂ ತಾಕೆಯೇ ಆದರೆ ಹೀಗೇಕೆ ಎಂದು ತಲೆ ಕೆಟ್ಟಿತು. ನಿಮ್ಮ ಟ್ಯೂಬಿನಿಂದ ಒಂದು ಹನಿ ತೆಗೆದು ಪಕ್ಕದ ಲ್ಯಾಬಿನಲ್ಲಿ ತೂಕ ನೋಡುವ ಮಷೀನಿಗೆ ಹಾಕಿಸಿದೆ. ತಾಕೆ ಇರಬೇಕಾದ ತೂಕಕ್ಕಿಂತ ಒಂದು ಕಡಿಮೆ ಇದೆ. ಒಂದು ಅಂದರೆ ಒಂದು ಹೈಡ್ರೋಜನ್ ಪರಮಾಣುವಿನಷ್ಟು. ಆಪರೇಟರು ಇಷ್ಟು ಸಣ್ಣ ವ್ಯತ್ಯಾಸಕ್ಕೆ ಚಿಂತೆ ಬೇಡ ಎಂದರು. ನಾನು ಇನ್ನೂ ಎರಡು ಸಲ ಹಾಕಿಸಿದೆ. ಪ್ರತಿ ಸಲವೂ ಒಂದೇ ಕಡಿಮೆ.

ಇದರಲ್ಲಿ ಏನೂ ಇಲ್ಲದಿರಬಹುದು. ಬಿಡುವಾದಾಗ ಆ ಆರ್ಡರ್ ಫಾರಂ ಒಮ್ಮೆ ತೆಗೆದು ನೋಡಲು ಸಾಧ್ಯವೇ?

ಪ್ರಶಾಂತ


ಒಕಾಜಾಕಿ
12 ನವೆಂಬರ್ 2024

ಪ್ರಶಾಂತ,

ಹಿಡಿಯಲಿಲ್ಲ ಎಂದು ಒಪ್ಪಿಕೊಂಡೆಯಲ್ಲ, ಸಂತೋಷ. ಅದರ ಮೇಲೆ ಪತ್ರ ನಿಲ್ಲಿಸಿದ್ದರೆ ನಿನಗೂ ಮರ್ಯಾದೆ ಉಳಿಯುತ್ತಿತ್ತು.

ಒಂದು! ಇಡೀ ತುಂಡಿನ ತೂಕ ಸಾವಿರದ ಮೇಲಿದೆ, ಇವನು ಒಂದು ಕಡಿಮೆಯಾಯಿತು ಎಂದು ಪಕ್ಕದ ಲ್ಯಾಬಿನವರ ಬಾಗಿಲು ತಟ್ಟುತ್ತಾನೆ. ಆ ಆಪರೇಟರಿಗಿರುವ ಬುದ್ಧಿಯೂ ನಿನಗಿಲ್ಲ. ಟ್ಯೂಬ್ ಎಣಿಸಲು ಬಾರದವನಿಗೆ ಈಗ ಪರಮಾಣು ಎಣಿಸುವ ಚಪಲ.

ಇನ್ನೊಂದು ಮಾತು. "ಏನೂ ಇಲ್ಲದಿರಬಹುದು", "ಬಿಡುವಾದಾಗ", "ಸಾಧ್ಯವೇ"... ಈ ನಯ ಇಲ್ಲಿಯವರಿಂದ ಕಲಿತೆಯೋ? ಅವರು "ಪರಿಶೀಲಿಸುತ್ತೇವೆ" ಎಂದರೆ "ಆಗುವುದಿಲ್ಲ" ಎಂದರ್ಥ, ಅದು ನನಗೂ ಗೊತ್ತು. ನಿನ್ನದರಲ್ಲಿ ಆ ಅರ್ಥವೂ ಇಲ್ಲ. ಬರೀ ಹೆದರಿಕೆ. ಹೇಳುವುದಿದ್ದರೆ ಗಂಡಸಿನ ಹಾಗೆ ಹೇಳು, ಇಲ್ಲವೇ ಖಾತ್ರಿ ಕಾಗದ ಕಳಿಸು.

ಕಾತ್ಯಾಯಿನಿ


ವಾಕೋ
26 ನವೆಂಬರ್ 2024

ಮೇಡಂ,

ಹೇಳುತ್ತೇನೆ.

ಜೀವಕೋಶದಲ್ಲಿ ಹುಟ್ಟಿದ ಪ್ರೋಟೀನಿನ ಬಾಲದ ತುದಿ ತೆರೆದಿರುತ್ತದೆ. ನಿಮ್ಮ ಡೊಮೈನಿನ ಸೀಳು ಮೊದಲು ಹುಡುಕುವುದು ಆ ತೆರೆದ ತುದಿಯನ್ನೇ. ತುದಿ ಸಿಕ್ಕಿದ ಮೇಲೆ ಉಳಿದ ಮೂರು ಕಣದ ವಿಚಾರಣೆ. ಕಂಪನಿಯಲ್ಲಿ ಮಾಡಿಸುವಾಗ ಫಾರಂನಲ್ಲಿ "ತುದಿ ಮುಚ್ಚಿ" ಎಂಬ ಕಡೆ ಟಿಕ್ ಹಾಕಿದರೆ ಅವರು ತುದಿಗೊಂದು ಮುಚ್ಚಳ ಹಾಕಿ ಕೊಡುತ್ತಾರೆ. ಮುಚ್ಚಳ ಕೂರುವುದು ತುದಿಯಲ್ಲಿದ್ದ ಚೂರೊಂದನ್ನು ತೆಗೆದ ಜಾಗದಲ್ಲಿ, ಅದು ಆ ಚೂರಿಗಿಂತ ಹಗುರ, ಹಾಗಾಗಿ ಮುಚ್ಚಿದರೆ ತೂಕ ಸರಿಯಾಗಿ ಒಂದು ಕಡಿಮೆಯಾಗುತ್ತದೆ.

ನಿಮ್ಮ ತಾಕೆಯ ತುದಿ ಮುಚ್ಚಿದೆ. ಅದು ತಾಕೆಯಾದ್ದರಿಂದ ಡೊಮೈನು ಬೇಡ ಎನ್ನುತ್ತಿಲ್ಲ. ತುದಿ ಮುಚ್ಚಿದರೆ ಮಾತ್ಸುವನ್ನೂ ಅದು ಬೇಡ ಎನ್ನುತ್ತದೆ. ಇಲ್ಲಿ ಮುಚ್ಚಿದ ಮಾತ್ಸು ತರಿಸಿ ನೋಡಿದೆ, ಹಿಡಿಯಲಿಲ್ಲ. ದಪ್ಪ ಕಣ, ಚಿಕ್ಕ ಕಣ ಎಂಬುದಕ್ಕೆ ಇಲ್ಲಿ ಪಾತ್ರವೇ ಇಲ್ಲ.

ಫಾರಂ ನೋಡಿ.

ಪ್ರಶಾಂತ


ಒಕಾಜಾಕಿ
20 ಡಿಸೆಂಬರ್ 2024

ಪ್ರಶಾಂತ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ವರ್ಷಾಂತ್ಯದ ಕೆಲಸ, ಲ್ಯಾಬ್ ತೊಳೆಯುವುದು, ಪಾರ್ಟಿ, ಬಿಡುವಾಗಲಿಲ್ಲ.

ಫಾರಂ ನೋಡಿದೆ. ಸರಿಯಾಗಿಯೇ ಇದೆ. ತುದಿ ತೆರೆದದ್ದೇ ಕೇಳಿದ್ದೇವೆ, ತೆರೆದದ್ದೇ ಬಂದಿದೆ. ನಿಮ್ಮ ಪಕ್ಕದ ಲ್ಯಾಬಿನ ಮಷೀನನ್ನು ಯಾರಾದರೂ ಬಂದು ರಿಪೇರಿ ಮಾಡಬೇಕು.

ಉಳಿದ ತಾಕೆಯನ್ನು ಒಂದು ಹನಿಯೂ ಇಟ್ಟುಕೊಳ್ಳದೆ ವಾಪಸ್ ಕಳಿಸು. ಇಲ್ಲಿ ಸ್ಟಾಕ್ ಮುಗಿದಿದೆ. ಸಹಲೇಖಕರ ಒಪ್ಪಿಗೆ ಕಾಗದ ಈ ಜತೆಗಿದೆ, ನಿನ್ನ ಹಾಂಕೋ ಮುದ್ರೆ ಒತ್ತಿ ಜತೆಗೇ ಕಳಿಸು. ನಿನ್ನ ಮಷೀನಿನಲ್ಲೂ ನನ್ನ ತಾಕೆ ಹಿಡಿಯಲಿಲ್ಲ ಎಂಬ ಒಂದೇ ಚಿತ್ರ ಹಾಕುತ್ತೇನೆ. ನೀನು ಬೆಳೆಸಿದ್ದರ ಪ್ರಸ್ತಾಪ ಬೇಡ. ಅಳತೆ ನೀನೇ ಮಾಡಿದ್ದು, ಅದರಲ್ಲಿ ಸುಳ್ಳೇನಿಲ್ಲ. ನಿನ್ನ ಹೆಸರನ್ನು ಎರಡನೆಯದಾಗಿ ಹಾಕುತ್ತೇನೆ. ನಿನ್ನ ಕಾಂಟ್ರಾಕ್ಟೂ ಮಾರ್ಚಿಗೆ ಮುಗಿಯುತ್ತದೆ, ಒಂದು ಪೇಪರ್ ತೋರಿಸಿದರೆ ಮುಂದುವರಿಸುತ್ತಾರೆ ಎಂದು ಕೇಳಿದೆ. ನಿನ್ನ ಮಗಳ ಸ್ಕೂಲೂ ಶುರುವಾಗುತ್ತದಲ್ಲ.

ಯೋಚನೆ ಮಾಡಿ ಕಳಿಸು.

ಕಾತ್ಯಾಯಿನಿ


ವಾಕೋ
20 ಜನವರಿ 2025

ಕಾತ್ಯಾಯಿನಿ ಮೇಡಂ ಅವರಿಗೆ,

ಒಪ್ಪಿಗೆ ಕಾಗದಕ್ಕೆ ಮುದ್ರೆ ಒತ್ತಿದ್ದೇನೆ. ತಾಕೆಯ ಟ್ಯೂಬ್ ಈ ಪೆಟ್ಟಿಗೆಯಲ್ಲಿದೆ.

ನೀವು ಹಿರಿಯರು. ಫಾರಂ ಸರಿಯಿದೆ ಎಂದ ಮೇಲೆ ಸರಿಯಿರಬೇಕು. ಹದಿನೆಂಟರ ಕಮಿಟಿಗೆ ಶುಭವಾಗಲಿ.

ಪ್ರಶಾಂತ


ಒಕಾಜಾಕಿ
18 ಫೆಬ್ರವರಿ 2025, ಬೆಳಗ್ಗೆ ಏಳೂವರೆ

ಪ್ರಶಾಂತ,

ಈ ಪೆಟ್ಟಿಗೆಯಲ್ಲಿ ಡ್ರೈ ಐಸ್ ಇಲ್ಲ. ನಿನ್ನ ಒಪ್ಪಿಗೆ ಕಾಗದ ಮಾತ್ರ ಇದೆ, ನಾಲ್ಕು ಚೂರಾಗಿ. ಅಂಟಿಸಿಕೊಂಡು ಗೋಡೆಗೆ ತೂಗುಹಾಕಿಕೋ. ಗೊತ್ತಿದ್ದೂ ಒತ್ತಿದ ಮುದ್ರೆ ಹೇಗಿರುತ್ತದೆ ಎಂದು ದಿನಾ ನೋಡಬಹುದು.

ಫಾರಂ ಸರಿಯಿಲ್ಲ. ಡಿಸೆಂಬರ್ ಹತ್ತೊಂಬತ್ತಕ್ಕೆ ಮೊರಿತಾ ಸಾನ್ ಫೈಲು ತೆಗೆದುಕೊಟ್ಟರು, ನಾನು ನೋಡಿದೆ. ಮಾರನೇ ದಿನ ಕೂತು ನಿನಗೆ ಸರಿಯಿದೆ ಎಂದು ಬರೆದೆ. ನಿನ್ನ ಬಳಿ ಸಾಕ್ಷಿ ಉಳಿಯಬಾರದೆಂದು ಟ್ಯೂಬ್ ವಾಪಸ್ ಕೇಳಿದೆ. ನಿನ್ನ ಮಗಳ ಸ್ಕೂಲಿನ ಮಾತು ಎತ್ತಿದ್ದೂ ಅದಕ್ಕೇ.

ಐದು ವರ್ಷದ ಹಿಂದೆ ಇನ್ನೊಂದು ಪ್ರೋಟೀನಿನ ನಡುವಿನ ತುಂಡೊಂದು ಬೇಕಿತ್ತು. ನಡುವಿನಿಂದ ಕತ್ತರಿಸಿದ್ದಕ್ಕೆ ನಿಜವಾದ ಬಾಲ ಇರುವುದಿಲ್ಲ, ಹಾಗಾಗಿ ತುದಿ ಮುಚ್ಚಿಸುವುದೇ ರೂಢಿ. ಮುಂದಿನ ವಾರ ತಾಕೆ ಬೇಕಾದಾಗ ಅದೇ ಫಾರಂ ತೆಗೆದುಕೊಂಡು ಅಕ್ಷರ ಬದಲಿಸಿದೆ, ಟಿಕ್ ಹಾಗೇ ಉಳಿಯಿತು. ಮಾತ್ಸುವಿನ ಫಾರಂ ಬೇರೆ, ಅದರಲ್ಲಿ ಟಿಕ್ ಇರಲಿಲ್ಲ. ಆಮೇಲೆ ಕಂಪನಿಯ ಕೊಂದೋ ಸಾನ್ ಪ್ರತಿ ಗುರುವಾರ ಲ್ಯಾಬಿಗೆ ಬಂದು ಏನು ಬೇಕು ಎಂದು ಕೇಳಿದಾಗಲೆಲ್ಲ "ಕಳೆದ ಸಲದ ಹಾಗೆಯೇ" ಎಂದೆ. ಆತ ಬರೆದುಕೊಂಡು, ಬಗ್ಗಿ ನಮಸ್ಕಾರ ಮಾಡಿ ಹೋಗುತ್ತಿದ್ದ. ಹಾಗೆ ಮೂರು ಸಲ ತರಿಸಿದ್ದೇನೆ. ಮೂರು ಸಲವೂ ಜತೆಗೆ ಬಂದ ಸರ್ಟಿಫಿಕೇಟಿನಲ್ಲಿ ತುದಿ ಮುಚ್ಚಿದೆ ಎಂದು ಅಚ್ಚಾಗಿತ್ತು. ಓದದೆ ಫೈಲಿಗೆ ಸೇರಿಸಿದೆ. ನಲವತ್ತು ಸಲ ಅಳೆದೆ ಎಂದು ಜಂಬ ಕೊಚ್ಚಿದೆನಲ್ಲ, ನಲವತ್ತು ಸಲವೂ ಮುಚ್ಚಳವನ್ನೇ ಅಳೆದಿದ್ದೇನೆ. ಇಂಥವಳು ನಿನ್ನನ್ನು ಅಂದಾಜು ಎಂದು ಕರೆದಳು. ನಾಚಿಕೆಯಾಗುತ್ತಿದೆ, ಹೇಳಿಬಿಡುತ್ತೇನೆ.

ನೀನು ಜಗಳವಾಡುತ್ತೀ ಎಂದುಕೊಂಡಿದ್ದೆ. ನವೆಂಬರಿನ ಕೊನೆಯ ಆ ಪತ್ರ ಓದಿದಾಗ ಮೊದಲ ಸಲ ನಿನ್ನ ಮೇಲೆ ಚೂರು ಗೌರವ ಹುಟ್ಟಿತ್ತು. ಆಮೇಲೆ ಬಂತು ನಿನ್ನ ಜನವರಿಯ ಪೆಟ್ಟಿಗೆ. "ನೀವು ಹಿರಿಯರು." ತೂ! ನಾಲ್ಕು ಸಲ ಅಳೆದು, ಮೂರು ಸಲ ತೂಗಿ, ತುದಿ ಮುಚ್ಚಿದೆ ಎಂದು ಕೈಯಾರೆ ಬರೆದವನು ಮುದ್ರೆ ಒತ್ತಿ ಶುಭ ಕೋರುತ್ತಾನೆ. ಇಷ್ಟು ಹೇಡಿಯನ್ನು ನಾನು ಕಂಡಿಲ್ಲ ಎಂದುಕೊಂಡೆ. ಪೇಪರನ್ನೂ ಕಳಿಸದೆ ಒಂದು ತಿಂಗಳು ಆ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಂಡು ನಿನ್ನನ್ನು ಬೈದೆ. ಸ್ಲೈಡ್ ಮಾಡುತ್ತಾ ಬೈದೆ, ಸ್ನಾನ ಮಾಡುತ್ತಾ ಬೈದೆ. ಬೈದು ಬೈದು ಸಾಕಾದ ಮೇಲೆ ತಿಳಿಯಿತು, ನೀನು ಗೊತ್ತಿದ್ದೂ ಒತ್ತಿದೆ, ನಾನು ಗೊತ್ತಿದ್ದೂ ತೋರಿಸಲು ಹೊರಟಿದ್ದೇನೆ. ಕಮಿಟಿಯ ಮುಂದೆ ನಾವಿಬ್ಬರೂ ಒಂದೇ ಸಾಲಿನಲ್ಲಿ ನಿಂತಿರುತ್ತೇವೆ. ಕೆಲಸ ಹೋದರೂ ಸಹಿಸಿಯೇನು, ಅದನ್ನು ಸಹಿಸಲಾರೆ.

ಇದನ್ನು ಪ್ರಾಮಾಣಿಕತೆ ಎಂದು ತಿಳಿಯಬೇಡ. ನಿನ್ನ ಪಕ್ಕ ನಿಲ್ಲಲು ಅಸಹ್ಯ, ಅಷ್ಟೇ.

ಹತ್ತು ಗಂಟೆಗೆ ಹಸೆಗಾವಾ ಸೆನ್ಸೇ ಹತ್ತಿರ ಹೋಗಿ ಎಲ್ಲ ಹೇಳುತ್ತೇನೆ. ಓದದೆ ತಲೆಯಾಡಿಸುವುದನ್ನೇ ನಂಬಿಕೆ ಎಂದು ತಿಳಿದಿರುವ ಮನುಷ್ಯ. ಒಂದು ಸಲ, ಒಂದೇ ಸಲ ಆ ಸರ್ಟಿಫಿಕೇಟ್ ತೋರಿಸು ಎಂದಿದ್ದರೆ ನನ್ನ ಐದು ವರ್ಷ ಉಳಿಯುತ್ತಿತ್ತು. ಒಂದು ಗಂಟೆಗೆ ಕಮಿಟಿ. ಏನಾಗುತ್ತದೆ ಎಂದು ನನಗೆ ಗೊತ್ತು.

ಕಾತ್ಯಾಯಿನಿ


ವಾಕೋ
21 ಫೆಬ್ರವರಿ 2025

ಕಾತ್ಯಾಯಿನಿ ಅವರೇ,

ನಿಮ್ಮ ಪೆಟ್ಟಿಗೆ ಹತ್ತೊಂಬತ್ತಕ್ಕೆ ಬಂತು. ಎರಡು ದಿನ ಬರೆಯಲು ಕೂತು ಎದ್ದೆ.

ಹದಿನೆಂಟರ ಬೆಳಗ್ಗೆ ಒಂಬತ್ತಕ್ಕೆ ನಾನು ಹಸೆಗಾವಾ ಸೆನ್ಸೇಗೆ ಮೇಲ್ ಕಳಿಸಿದೆ. ತಾಕೆಯ ತುದಿ ಮುಚ್ಚಿದೆ, ಕಾತ್ಯಾಯಿನಿ ಸಾನ್‌ಗೆ ತಿಳಿಸಿದರೂ ಕೇಳಲಿಲ್ಲ ಎಂದು. ಈ ತಿಂಗಳು ಮತ್ತೆ ತೂಗಿಸಿ ತೆಗೆದ ಪ್ರಿಂಟನ್ನೂ ಜತೆಗಿಟ್ಟೆ. ನೀವು ಒಂದು ಹನಿಯೂ ಇಟ್ಟುಕೊಳ್ಳಬೇಡ ಎಂದಿರಿ, ನಾನು ಅರ್ಧ ಇಟ್ಟುಕೊಂಡಿದ್ದೆ. "ಒಂದು ಹನಿಯೂ" ಎಂಬ ಮಾತು ಓದಿದ ಕೂಡಲೇ ನೀವು ಫಾರಂ ನೋಡಿದ್ದೀರಿ ಎಂದು ತಿಳಿಯಿತು. ಮುದ್ರೆ ಒತ್ತಿದ್ದು ಹೆದರಿ ಅಲ್ಲ. ನೀವು ಕಮಿಟಿಯ ಬಾಗಿಲವರೆಗೆ ಹೋಗಲಿ, ಬೀಳುವಾಗ ಸದ್ದು ಜೋರಾಗಿ ಕೇಳಲಿ ಎಂದು. ಬೆಂಗಳೂರಿನ ಕ್ಯಾಂಟೀನಿನಲ್ಲಿ ನೀವು ಆ ಹೆಸರಿಟ್ಟ ದಿನ ಇಡೀ ಟೇಬಲ್ಲು ನಕ್ಕಿತ್ತು. ಇಂದಿರಾ ಮೇಡಂ ಕೂಡ ನಕ್ಕರು. ಆಮೇಲೆ ನನ್ನ ಯಾವ ಅಳತೆಯನ್ನೂ ಅವರು ಎರಡನೇ ಸಲ ಬೇರೆಯವರಿಂದ ಮಾಡಿಸದೆ ನಂಬಲಿಲ್ಲ. ಥೀಸಿಸ್ ಒಂದೂವರೆ ವರ್ಷ ತಡವಾಯಿತು. ನಿಮಗೆ ಅದು ನೆನಪೂ ಇಲ್ಲ. ನನ್ನನ್ನು ಹೇಡಿ ಎಂದಿದ್ದೀರಿ. ನಾನು ಅದಕ್ಕಿಂತ ಕೀಳಾಗಿದ್ದೆ.

ನೀವು ಹತ್ತಕ್ಕೆ ಅವರ ಕೋಣೆಗೆ ಹೋದಾಗ ನನ್ನ ಮೇಲ್ ಅವರ ಮೇಜಿನ ಮೇಲಿತ್ತು. ಅವರು ಸಂಜೆ ನನಗೆ ಉತ್ತರ ಬರೆದರು. ನಾನು ಬರೆದ ಸುದ್ದಿ ತಿಳಿದು ನೀವು ಓಡಿಬಂದು ಒಪ್ಪಿಕೊಂಡಿರಿ ಎಂದೇ ಅವರು ನಂಬಿದ್ದಾರೆ. ಕಮಿಟಿಯ ವರದಿಯಲ್ಲೂ ಅದೇ ಬರೆದಿದೆಯಂತೆ, "ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡರು" ಎಂದು. ಮುಂದೆ ಯಾವ ಲ್ಯಾಬಿನವರು ವಿಚಾರಿಸಿದರೂ ಇಲ್ಲಿಂದ ಆ ವರದಿಯೇ ಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ನೀವಾಗಿಯೇ ಹೋದಿರಿ ಎಂಬುದಕ್ಕೆ ಇರುವುದು ಒಂದೇ ಸಾಕ್ಷಿ, ನಿಮ್ಮ ಪತ್ರ. ಕೊರಿಯರ್ ಚೀಟಿಯ ಮೇಲೆ ಎಂಟೂವರೆಗೆ ಪೆಟ್ಟಿಗೆ ತೆಗೆದುಕೊಂಡಿದ್ದಾಗಿ ಮೊಹರಿದೆ, ನನ್ನ ಮೇಲಿಗಿಂತ ಅರ್ಧ ಗಂಟೆ ಮುಂಚೆ. ಚೀಟಿ ಜೋಪಾನವಾಗಿ ಇಟ್ಟಿದ್ದೇನೆ. ಆದರೆ ಪತ್ರ ಕನ್ನಡದಲ್ಲಿದೆ. ಅದನ್ನು ಜಪಾನೀ ಭಾಷೆಗೆ ತಿರುಗಿಸಿ ಸೆನ್ಸೇಗೆ ಕಳಿಸಿದರೆ ಅವರ ಬಗ್ಗೆ ನೀವು ಬರೆದದ್ದೂ ಹೋಗುತ್ತದೆ. ನವೆಂಬರಿನಿಂದ ನನಗೆ ಗೊತ್ತಿತ್ತು, ಆದರೂ ಮುದ್ರೆ ಒತ್ತಿದೆ ಎಂಬುದೂ ಹೋಗುತ್ತದೆ. ಮೇಲಿನಲ್ಲಿ ನಾನು ಈ ಫೆಬ್ರವರಿಯಲ್ಲಷ್ಟೇ ಪತ್ತೆಹಚ್ಚಿದೆ ಎಂದು ಬರೆದಿದ್ದೆ. ಇಲ್ಲಿ ಎಲ್ಲರೂ ನನ್ನನ್ನು ಧೈರ್ಯವಂತ ಎನ್ನುತ್ತಿದ್ದಾರೆ. ನಿನ್ನೆ ನನ್ನ ಕಾಂಟ್ರಾಕ್ಟ್ ಒಂದು ವರ್ಷ ಮುಂದುವರಿಸಿ ಪತ್ರ ಕೊಟ್ಟರು. ಅಪರ್ಣಾ ಫೋನಿನಲ್ಲೇ ಅತ್ತಳು. "ಇನ್ನು ಸೂಟ್‌ಕೇಸ್ ಮೇಲಿಡ್ಬೋದಾ ರೀ?" ಅಂತ ಕೇಳಿದಳು. ನಾನು ಹೂಂ ಎಂದೆ.

ಪತ್ರದ ಅನುವಾದ ಮಾಡಲೇ? ನೀವು ಹೇಳಿದ ಹಾಗೆ ಮಾಡುತ್ತೇನೆ.

ಪ್ರಶಾಂತ


ಒಕಾಜಾಕಿ
25 ಫೆಬ್ರವರಿ 2025

ಪ್ರಶಾಂತ,

ಸೆನ್ಸೇ ಮೇಜಿನ ಮೇಲೆ ಪ್ರಿಂಟ್ ನೋಡಿದಾಗಲೇ ಅದು ನಿನ್ನದೆಂದು ತಿಳಿಯಿತು. ನಾನಾಗಿಯೇ ಬಂದೆ ಎಂದು ಎರಡು ಸಲ ಹೇಳಿದೆ. ಅವರು ನಂಬಲಿಲ್ಲ. ಟೀ ತರಿಸಿದರು. ಅವರ ಕಣ್ಣಿನಲ್ಲಿ ಕಂಡದ್ದು ಅಸಡ್ಡೆ. ಬೇರೆಯವರನ್ನು ನಾನು ಇಷ್ಟು ವರ್ಷ ಹೀಗೆ ನೋಡುತ್ತಿದ್ದೆ ಎಂದು ಮೊದಲ ಸಲ ಗೊತ್ತಾಯಿತು. ಸಹಿಸಲಾಗದ್ದು ಅದು. ಆ ಕ್ಯಾಂಟೀನಿನ ದಿನ ನನಗೆ ನೆನಪಿಲ್ಲ, ನೀನು ಹೇಳಿದ್ದು ಸರಿ. ನೆನಪಿಲ್ಲ ಎಂಬುದೇ ನನ್ನ ತಪ್ಪು.

ಕೆಲಸ ಹೋಯಿತು, ಅದಕ್ಕೆ ಅಳುವುದಿಲ್ಲ. ಆ ಬೆಳಗ್ಗೆ ಯಾರೂ ಹಿಡಿಯುವ ಮುಂಚೆ ನಾನೇ ನಡೆದು ಹೋದೆ ಎಂಬ ಒಂದು ಮಾತು ಆ ವರದಿಯಲ್ಲಿ ಇರಬೇಕು. ಬಾಯಿಬಿಟ್ಟು ಹೇಳುತ್ತೇನೆ, ನನಗೆ ಅದು ಬೇಕು. ಇಡೀ ಜೀವನದಲ್ಲಿ ಇನ್ನೊಬ್ಬರ ಕೈಯಲ್ಲಿರುವ ಏನೂ ನನಗೆ ಇಷ್ಟು ಬೇಕಾಗಿರಲಿಲ್ಲ.

ಆದರೆ ಅದನ್ನು ಮಾಡು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ನೀನು ನಿನ್ನ ಹೆಂಡತಿಗೆ, ಮಗಳಿಗೆ, ಆ ಹೆಂಗಸು ಹೇಳಿದಳು, ಅದಕ್ಕೇ ಮಾಡಿದೆ ಎನ್ನುತ್ತೀ. ಬೇಡ ಎಂದರೆ, ಅವಳೇ ಬೇಡ ಎಂದಳು ಎಂದು ಸುಖವಾಗಿ ನಿದ್ದೆ ಮಾಡುತ್ತೀ. ಎರಡಕ್ಕೂ ನಾನು ಸಿಗುವುದಿಲ್ಲ.

ಮಾಡಲೇ ಎಂದು ಕೇಳಿದ್ದೀ. ಮಾಡುವವರು ಕೇಳುವುದಿಲ್ಲ.

ಕಾತ್ಯಾಯಿನಿ